ಒಂದನೇ ಮಟ್ಟದ ಮಾಂತ್ರಿಕ

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಯಂತ್ರ ಓಬಳೇಶಪ್ಪನವರನ್ನು ಮೂರನೆಯ ಸಲ ಕೊಂದಿತು. ಸಾವು ಬಹಳ ಹೊತ್ತಿನದೇನೂ ಅಲ್ಲ. ತಲೆಗೆ ಸುತ್ತಿದ್ದ ಕಿರೀಟ ಒಮ್ಮೆ ಜುಂ ಎಂದಿತು, ಕಣ್ಣ ಮುಂದಿನ ಗುಹೆ ಬೂದಿಯ ಬಣ್ಣಕ್ಕೆ ತಿರುಗಿತು, ಹತ್ತರಿಂದ ಒಂದರವರೆಗೆ ಎಣಿಕೆ ಇಳಿಯಿತು. ಆಮೇಲೆ ನೋಡಿದರೆ ಅವರು ಅದೇ ನೀಲಿ ನಿಲುವಂಗಿ ತೊಟ್ಟು, ಅದೇ ಮೊಂಡು ದಂಡ ಹಿಡಿದು ಗುಹೆಯ ಬಾಯಲ್ಲಿ ನಿಂತಿದ್ದರು. ಐವತ್ತೊಂಬತ್ತು ವರ್ಷದ ಮನುಷ್ಯನಿಗೆ, ಅದೂ ಮುದ್ದೆ ಉಂಡ ಮೇಲೆ, ಹೀಗೆ ಮತ್ತೆ ಮತ್ತೆ ಸತ್ತು ಹುಟ್ಟುವುದು ಆಯಾಸದ ಕೆಲಸ.

"ಎಂತ ಮಾರಾಯ್ರೆ, ಪುನಃ ಎದುರು ಹೋಗಿ ನಿಂತದ್ದಾ ನೀವು?" ಎಂದು ಕಿವಿಯಲ್ಲಿ ಹೆಣ್ಣುದನಿಯೊಂದು ರೇಗಿತು.

ಗುಹೆಯೊಳಗೆ ಆ ದನಿಯ ಒಡತಿ ಏಳಡಿ ಎತ್ತರದ, ಹುರಿಮೀಸೆಯ ಖಡ್ಗಧಾರಿ, ಹೆಸರು ಉಗ್ರಸಿಂಹ. ಗುಹೆಯ ಹೊರಗೆ ಆಕೆ ಕರಾವಳಿಯ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಪಾಳಿ ಮಾಡುವ ಇಪ್ಪತ್ತೈದು ವರ್ಷದ ಚಿತ್ಕಲಾ. "ಮಾಂತ್ರಿಕ ಅಂದ್ರೆ ಹಿಂದೆ ನಿಲ್ಬೇಕು. ನಿಮ್ಮ ಮೈಮೇಲೆ ಇರುವುದು ಬಟ್ಟೆ, ಕವಚ ಅಲ್ಲ. ಒಂದು ಪೆಟ್ಟಿಗೆ ಹೋಗ್ತೀರಿ."

"ಹಿಂದೆ ನಿಂತ್ರೆ ಮುಂದೇನೈತೆ ಅಂತ ಕಾಣಾಕಿಲ್ಲ ಕಣಮ್ಮ."

"ಕಾಣುವುದು ಬೇಡ. ನಾನು ಹೇಳ್ತೇನೆ, ನೀವು ಮಂತ್ರ ಬಿಡಿ."

ಕಾಣದ ಕಡೆಗೆ ಸಿಡಿಲು ಬಿಡುವುದು ಹೇಗೆಂದು ಓಬಳೇಶಪ್ಪನವರಿಗೆ ಎರಡು ತಿಂಗಳಿಂದ ತಿಳಿದಿರಲಿಲ್ಲ. ಅವರು ಮೂವತ್ತೈದು ವರ್ಷ ವಿದ್ಯುತ್ ಇಲಾಖೆಯಲ್ಲಿ ದುಡಿದವರು. ಮೊದಲ ಇಪ್ಪತ್ತು ವರ್ಷ ಕಂಬ ಹತ್ತಿದರು. ಮಂಡಿ ಕೈಕೊಟ್ಟ ಮೇಲೆ ಚಿತ್ರದುರ್ಗ ಸೀಮೆಯ ಈ ಸಣ್ಣ ಉಪಕೇಂದ್ರದಲ್ಲಿ ಕುಳಿತು, ಯಾವ ಲೈನಿಗೆ ಯಾವಾಗ ವಿದ್ಯುತ್ ಕೊಡಬೇಕು, ಯಾವಾಗ ಕಡಿಯಬೇಕು ಎಂದು ನೋಡಿಕೊಂಡರು. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು ಬಾಕಿ ಇರುವಾಗ ಇಲಾಖೆ ಅವರನ್ನು ಮಾಂತ್ರಿಕನನ್ನಾಗಿ ಮಾಡಿತ್ತು.

ಇದರ ಹಿಂದೆ ಒಂದು ಹಳೆಯ ತೊಂದರೆಯಿದೆ. ಉಪಕೇಂದ್ರದ ನೂರು ಕೆಲಸಗಳಲ್ಲಿ ತೊಂಬತ್ತೊಂಬತ್ತನ್ನು ಯಂತ್ರಗಳೇ ಮಾಡುತ್ತವೆ. ಉಳಿದ ಒಂದಕ್ಕೆ ಮನುಷ್ಯನ ವಿವೇಚನೆ ಬೇಕು. ಆ ಒಂದು ಬರುವ ಹೊತ್ತಿಗೆ ಮನುಷ್ಯ ನಿದ್ದೆ ಹೋಗಿರುತ್ತಾನೆ. ಅವನನ್ನು ಎಚ್ಚರವಾಗಿಡಲು ಇಲಾಖೆ ಗಂಟೆ ಕಟ್ಟಿತು, ಕಾಫಿ ಕೊಟ್ಟಿತು, ನೋಟಿಸು ಕೊಟ್ಟಿತು. ಕೊನೆಗೆ ಡಾ. ಯಶೋಮತಿ ಇಂದ್ರ ಎಂಬ ವಿಜ್ಞಾನಿ ಆರು ವರ್ಷ ಕೂತು ಒಂದು ಸಂಗತಿಯನ್ನು ಕಂಡುಕೊಂಡರು: ಮನುಷ್ಯ ಮಾಪಕದ ಮುಳ್ಳಿನ ಮುಂದೆ ತೂಕಡಿಸುತ್ತಾನೆ, ರಾಕ್ಷಸನ ಮುಂದೆ ತೂಕಡಿಸುವುದಿಲ್ಲ.

ಹೀಗೆ ಹುಟ್ಟಿದ್ದು ಕ್ರೀಡಾರೋಪಣ. ಅಂದರೆ ಇಡೀ ವಿದ್ಯುತ್ ಜಾಲಕ್ಕೆ ಒಂದು ಆಟದ ಹೊದಿಕೆ. ಕಿರೀಟ ತೊಟ್ಟವನಿಗೆ ಲೈನುಗಳು ಹಳ್ಳಿಗಳಾಗಿ ಕಾಣುತ್ತವೆ. ಲೈನು ಕೆಟ್ಟು ನಿಂತರೆ ಆ ಹಳ್ಳಿಯ ದೀಪವನ್ನು ಒಬ್ಬ ರಾಕ್ಷಸ ನುಂಗುತ್ತಾನೆ. ಬೇರೆ ಬೇರೆ ಊರುಗಳ ನಾಲ್ವರು ಪಾಳಿಯವರದು ಒಂದು ದಂಡು. ಖಡ್ಗಧಾರಿಗಳು ರಾಕ್ಷಸನನ್ನು ತಡೆದು ನಿಲ್ಲಿಸಬೇಕು. ಮಾಂತ್ರಿಕ ಮೂರು ಸೆಕೆಂಡಿನ ಮಂತ್ರ ಹೇಳಿ ಸಿಡಿಲು ಬಿಡಬೇಕು. ಸಿಡಿಲು ಹೊರಟ ಕ್ಷಣದಲ್ಲಿ ಇತ್ತ ನಿಜವಾದ ಸ್ವಿಚ್ಚು ಕೂಡಿಕೊಂಡು ನಿಜವಾದ ಲೈನಿಗೆ ಹನ್ನೊಂದು ಸಾವಿರ ವೋಲ್ಟ್ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಎಷ್ಟು ಹೊರೆ ತಾಳೀತೋ ಅಷ್ಟೇ ಮಾಂತ್ರಿಕನ ಓಜಸ್ಸು. ಅದು ಮುಗಿದರೆ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳಬೇಕು. ನಿಜವಾದ ರಾಕ್ಷಸರ ಕಣ್ಣು ಕೆಂಪು. ನಡುನಡುವೆ ಬರುವ ಬಿಳಿಗಣ್ಣಿನವರು ಬರೀ ಅಭ್ಯಾಸಕ್ಕೆ, ಯಾರೂ ಮಲಗದಿರಲಿ ಎಂದು.

ಎಷ್ಟು ಬೇಗ ದೀಪ ಹತ್ತಿದರೆ ಅಷ್ಟು ಅಂಕ. ಮೂರು ಪರೀಕ್ಷೆಗಳಲ್ಲಿ ಎರಡನೇ ಮಟ್ಟಕ್ಕೆ ಏರದವರನ್ನು ತೊಂಬತ್ತು ಕಿಲೋಮೀಟರ್ ದೂರದ ಉಗ್ರಾಣಕ್ಕೆ, ಹಳೆಯ ಮೀಟರು ವಿಂಗಡಿಸಲು ಕಳಿಸುವುದೆಂದು ಆದೇಶವಾಗಿತ್ತು. ಓಬಳೇಶಪ್ಪ ಎರಡು ಪರೀಕ್ಷೆಗಳಲ್ಲಿ ಬಿದ್ದಿದ್ದರು. ಮೂರನೆಯದು ಈ ದಿನ. ಇಡೀ ರಾಜ್ಯದಲ್ಲಿ ಅತಿ ನಿಧಾನದ ಮಾಂತ್ರಿಕ ಯಾರೆಂದು ನೋಡಲು ಡಾ. ಯಶೋಮತಿ ಖುದ್ದಾಗಿ ಬಂದು, ಅವರ ಹಿಂದೆ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದರು. ಆಕೆಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ನಿಮ್ಮ ದಾಖಲೆ ನೋಡಿದೆ," ಎಂದರು ಆಕೆ. "ಬೇರೆಯವರು ಇಪ್ಪತ್ತು ಸೆಕೆಂಡಿಗೆ ಬಿಡೋ ಮಂತ್ರಕ್ಕೆ ನಿಮಗೆ ಹತ್ತು ನಿಮಿಷ ಬೇಕು. ಏನು ಮಾಡ್ತಿರ್ತೀರಿ ಅಲ್ಲಿಯವರೆಗೆ?"

"ಫೋನ್ ಮಾಡ್ತಿರ್ತೀನಿ ಮೇಡಂ."

"ಯಾರಿಗೆ?"

"ಲೈನ್‌ಮನ್‌ಗೆ. ಮೊದ್ಲು ಲೈನ್ ಕ್ಲಿಯರ್ ಅಂತಿತ್ತಲ್ಲ. ಕಂಬ ಹತ್ತೋನು ಫೋನ್ ಮಾಡಿ ಕೇಳೋನು, ನಾನು ಲೈನ್ ಕಡಿದು, ಬರ್ಕಂಡು, ಹೂಂ ಅನ್ನೋದು. ಕೆಲ್ಸ ಆದ್ಮೇಲೆ 'ಇಳಿದೆ' ಅಂತ ಅವ್ನೇ ಹೇಳ್ಬೇಕು. ಇಂಜಿನಿಯರ್ ಹೇಳಿದ್ರೂ ನಡೀತಿರ್ಲಿಲ್ಲ, ಅವ್ನ ಹೆಂಡ್ತಿ ಹೇಳಿದ್ರೂ ನಡೀತಿರ್ಲಿಲ್ಲ."

"ಅದಕ್ಕೆ ಸರಾಸರಿ ಹನ್ನೊಂದು ನಿಮಿಷ ಹಾಳಾಗ್ತಿತ್ತು. ಅದಕ್ಕೇ ಅಲ್ಲವೇ ರಕ್ಷಾಕಂಕಣ ಕೊಟ್ಟಿರೋದು? ಕಂಕಣ ತೊಟ್ಟ ಲೈನ್‌ಮನ್ ಕಂಬದ ಬುಡಕ್ಕೆ ಹೋದ ಕೂಡಲೇ ಆ ಹಳ್ಳಿಯ ಮೇಲೆ ಬಿಳಿ ಕೊಡೆ ಬಿಚ್ಚಿಕೊಳ್ಳುತ್ತೆ. ಕೊಡೆ ಇರೋವರೆಗೆ ನೀವು ಗಂಟಲು ಹರಿದುಕೊಂಡರೂ ಮಂತ್ರ ಹೊರಡೋದಿಲ್ಲ. ಕೊಡೆ ಇಲ್ಲ ಅಂದರೆ ಕಂಬದ ಮೇಲೆ ಯಾರೂ ಇಲ್ಲ."

"ಕೊಡೆ ಕಾಣಿಸ್ತೈತೆ ಮೇಡಂ," ಎಂದು ಓಬಳೇಶಪ್ಪ ಒಪ್ಪಿಕೊಂಡರು. "ಮನುಷ್ಯ ಕಾಣ್ಸಲ್ಲ."

ಡಾ. ಯಶೋಮತಿ ಇದನ್ನು ಟಿಪ್ಪಣಿ ಮಾಡಿಕೊಳ್ಳಲಿಲ್ಲ.

ಮೂರು ಗಂಟೆ ಹತ್ತು ನಿಮಿಷಕ್ಕೆ ಗುಹೆಯ ಗೋಡೆ ಬಿರಿದು ಕೆಂಪುಗಣ್ಣಿನವನು ಬಂದ. ಕೆಂಚಯ್ಯನಹಟ್ಟಿಯ ದೀಪ ಗುಳುಂ ಎಂದು ಅವನ ಗಂಟಲಿಗೆ ಇಳಿಯಿತು. ಹಳ್ಳಿಯ ಮೇಲೆ ಕೊಡೆ ಇರಲಿಲ್ಲ. ಓಬಳೇಶಪ್ಪನವರ ಓಜಸ್ಸಿನ ಪಾತ್ರೆ ಕಂಠದವರೆಗೆ ತುಂಬಿತ್ತು. ಚಿತ್ಕಲಾ ಖಡ್ಗ ಎತ್ತಿ ರಾಕ್ಷಸನ ಮೊಣಕಾಲಿಗೆ ಹೊಡೆದಳು; ಉಳಿದಿಬ್ಬರು ಎರಡು ಪಕ್ಕದಿಂದ ಅಡ್ಡ ನಿಂತರು.

"ಹಿಡ್ಕೊಂಡಿದ್ದೇನೆ! ಬಿಡಿ ಮಾರಾಯ್ರೆ!"

"ಬೆಳಕೇ..." ಎಂದು ಓಬಳೇಶಪ್ಪ ಮಂತ್ರ ಶುರುಮಾಡಿದರು. ದಂಡದ ತುದಿಯಲ್ಲಿ ನೀಲಿ ಕಿಡಿ ಕೂಡಿಕೊಂಡಿತು. ಇನ್ನೆರಡು ಪದ ಹೇಳಿದ್ದರೆ ಅವರು ಎರಡನೇ ಮಟ್ಟದ ಮಾಂತ್ರಿಕ. ಅವರು ಬಾಯಿ ಮುಚ್ಚಿದರು. ಕಿಡಿ ಆರಿತು.

ಕೆಂಚಯ್ಯನಹಟ್ಟಿ ರುದ್ರಮುನಿಯ ಲೈನು. ಅವನಿಗೆ ಕಂಬ ಹತ್ತಲು ಕಲಿಸಿದವರೇ ಓಬಳೇಶಪ್ಪ. ಕಿರೀಟವನ್ನು ಹಣೆಗೆ ಸರಿಸಿಕೊಂಡು ಅವರು ಫೋನಿಗೆ ಕೈಹಾಕಿದರು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದರು.

"ಏನು ಕಾಯ್ತಿದ್ದೀರಿ?" ಎಂದು ಡಾ. ಯಶೋಮತಿ ಕುರ್ಚಿಯಿಂದ ಎದ್ದರು.

"ರುದ್ರಮುನಿ ಎತ್ತುತ್ತಿಲ್ಲ."

ಆಕೆ ತಮ್ಮ ಪರದೆ ನೋಡಿದರು. "ಅವರ ಕಂಕಣ ಕಂಬದಿಂದ ನಲವತ್ತು ಮೀಟರ್ ದೂರ ಇದೆ. ಅಲುಗಾಡ್ತಾನೂ ಇಲ್ಲ. ಎಲ್ಲೋ ನೆರಳಲ್ಲಿ ಮಲಗಿರಬೇಕು. ಅವರು ಹತ್ತಿಲ್ಲ."

"ಹತ್ತಿಲ್ಲ ಅಂತ ಅವ್ನು ಹೇಳ್ಲಿಲ್ವಲ್ಲ ಮೇಡಂ."

"ಯಂತ್ರ ಹೇಳ್ತಿದೆಯಲ್ಲ!"

ಗುಹೆಯಲ್ಲಿ ಒಬ್ಬ ಖಡ್ಗಧಾರಿ ಬಿದ್ದ. "ಅಜ್ಜೇರೇ," ಎಂದು ಚಿತ್ಕಲಾ ಕೂಗಿದಳು, "ನಮ್ಮನ್ನು ಸಾಯ್ಸಿ ನೀವು ಮಾತಾಡಿಕೊಂಡು ಕೂತದ್ದಾ? ನಾನು ಇನ್ನು ಹತ್ತು ಸೆಕೆಂಡು ನಿಲ್ಲುವುದು, ಅಷ್ಟೇ!"

"ಓಬಳೇಶಪ್ಪನವರೇ," ಎಂದರು ಡಾ. ಯಶೋಮತಿ, ತಗ್ಗಿದ ದನಿಯಲ್ಲಿ. "ಇದು ನಿಮ್ಮ ಮೂರನೇ ಪರೀಕ್ಷೆ. ನಿಮ್ಮನ್ನು ಉಗ್ರಾಣಕ್ಕೆ ಕಳಿಸಿ ನನಗೇನೂ ಆಗಬೇಕಾಗಿಲ್ಲ. ಮೂರು ಪದ ಹೇಳಿ, ಸಾಕು."

ಓಬಳೇಶಪ್ಪನವರಿಗೆ ವಾದ ಮಾಡುವ ತ್ರಾಣ ಇರಲಿಲ್ಲ. ಕಂಕಣ ಸುಳ್ಳು ಹೇಳುತ್ತಿದೆ ಎಂದು ಅವರಿಗೆ ಅನಿಸಿರಲೂ ಇಲ್ಲ. ಯಾವ ಅನುಮಾನವೂ, ಯಾವ ಮುನ್ಸೂಚನೆಯೂ ಇರಲಿಲ್ಲ. ಒಬ್ಬನನ್ನು ಕೇಳಬೇಕಿತ್ತು; ಅವನು ಹೇಳಿರಲಿಲ್ಲ; ಅಷ್ಟೇ. ಅವರು ಕಿರೀಟ ಬಿಚ್ಚಿ ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು, ಮತ್ತೆ ಅದೇ ನಂಬರು ಒತ್ತಿದರು. ಮೇಜಿನ ಮೇಲಿನ ಕಿರೀಟದೊಳಗಿಂದ ಚಿತ್ಕಲಾ ಸಾಯುವ ಸದ್ದೂ, ಸತ್ತ ಮೇಲೆ ತುಳುವಿನಲ್ಲಿ ಬೈಯುವ ಸದ್ದೂ ಸಣ್ಣಗೆ ಕೇಳಿಸಿದವು. ಪರದೆಯ ಮೇಲೆ 'ಅನುತ್ತೀರ್ಣ' ಎಂದು ಮೂಡಿತು.

ಹದಿನಾಲ್ಕು ನಿಮಿಷದ ಮೇಲೆ ಫೋನು ಬಂತು. ಓಬಳೇಶಪ್ಪ ಅದನ್ನು ಜೋರುದನಿಗೆ ಹಾಕಿದರು.

"ಇಳಿದೆ ಕಣಣ್ಣ," ಎಂದ ರುದ್ರಮುನಿ, ಏದುಸಿರಿನ ನಡುವೆ. "ಕಂಬದ ಮೇಲೆ ಜೋಡುತಂತಿ ನನ್ ಕಣ್ಣೆದ್ರೇ ಸುಟ್ಟು ಲೈನ್ ನಿಂತೋಯ್ತು, ಹಂಗೇ ಹತ್ತಿದೆ. ಕಟ್ಟಿದೀನಿ. ಲೈನ್ ಬಿಡು."

ಡಾ. ಯಶೋಮತಿ ಮತ್ತೆ ಪರದೆ ನೋಡಿದರು; ಕಂಕಣ ಇನ್ನೂ ಅದೇ ನಲವತ್ತು ಮೀಟರ್ ದೂರದಲ್ಲಿತ್ತು.

"ಕಂಕಣ ಎಲ್ಲಪ್ಪ?" ಎಂದು ಕೇಳಿದರು ಓಬಳೇಶಪ್ಪ.

"ಗಾಡಿ ಹ್ಯಾಂಡಲ್‌ಗೆ ಹಾಕಿದೀನಿ. ಫೋನೂ ಅಲ್ಲೇ ಡಿಕ್ಕೀಲಿತ್ತು. ಯಾಕೆ?"

"ಯಾಕೆ ಬಿಚ್ಚಿದೆ?"

"ಯಾಕೆ ಅಂದ್ರೆ? ಉಂಗುರ, ಗಡಿಯಾರ, ಉಡ್ದಾರ, ಲೋಹ ಅನ್ನೋದೇನೂ ಮೈಮೇಲಿಟ್ಕಂಡು ಹತ್ತಬಾರ್ದು ಅಂತ ಕೆನ್ನೆಗೆ ಹೊಡ್ದು ಕಲಿಸ್ದೋನು ನೀನೇ ಅಲ್ವೇನಣ್ಣ?"

"ಅದು ಲೋಹ ಅಲ್ಲ!" ಎಂದು ಡಾ. ಯಶೋಮತಿ ಫೋನಿನತ್ತ ಬಾಗಿ ಕೂಗಿದರು. "ಪ್ಲಾಸ್ಟಿಕ್! ಪೂರ್ತಿ ಪ್ಲಾಸ್ಟಿಕ್!"

"ಯಾರಣ್ಣ ಅದು?"

"ಕಂಕಣ ಮಾಡ್ದೋರು."

"ಹಂಗಾದ್ರೆ ಬೆಳ್ಳಿ ಥರ ಹೊಳೆಯೋದ್ಯಾಕೆ ಅಂತ ಕೇಳು."

ಮೂರು ಮಾದರಿಗಳಲ್ಲಿ ಬೆಳ್ಳಿ ಬಣ್ಣದ್ದನ್ನು ಆರಿಸಿದವರು ಡಾ. ಯಶೋಮತಿಯವರೇ. ಕಪ್ಪು ಬಣ್ಣದ್ದು ಅಗ್ಗದ ವಸ್ತುವಿನಂತೆ ಕಂಡಿತ್ತು. ಲೈನ್‌ಮನ್ನರಿಗೆ ಒಂದಿಷ್ಟು ಘನತೆ ಇರಲಿ ಎಂದು ಆಗ ಅವರು ವಾದಿಸಿದ್ದರು.

ಆಕೆ ಆ ಸಂಜೆಯೇ ಎಲ್ಲ ಕಂಕಣಗಳನ್ನು ಹಿಂದಕ್ಕೆ ತರಿಸಲು ಬರೆದರು, ಓಬಳೇಶಪ್ಪನವರ ವರ್ಗಾವಣೆ ರದ್ದಾಗಬೇಕೆಂದೂ ಬರೆದರು. ಇಲಾಖೆ ಎರಡನ್ನೂ ಪರಿಶೀಲನೆಗೆ ಇಟ್ಟುಕೊಂಡಿತು. ಆದರೆ ಬೈಯುತ್ತಲೇ ಕಿರೀಟದ ಮೂಲಕ ಈ ಮಾತೆಲ್ಲ ಕೇಳಿಸಿಕೊಂಡಿದ್ದ ಚಿತ್ಕಲಾ ಇಲಾಖೆಗಾಗಿ ಕಾಯಲಿಲ್ಲ. ಅವಳು ತನ್ನ ಉಪಕೇಂದ್ರದ ಹಿಂಭಾಗಕ್ಕೆ ಹೋಗಿ ನೋಡಿದಳು. ಕಂಬ ಹತ್ತಲು ಹೋಗಿದ್ದ ಐವರು ಲೈನ್‌ಮನ್ನರ ಐದು ಕಂಕಣಗಳು, ಉಜ್ಜಿ ಒರೆಸಿ, ಗೋಡೆಯ ಮೊಳೆಗೆ ಸಾಲಾಗಿ ನೇತುಬಿದ್ದಿದ್ದವು. ಎರಡು ತಿಂಗಳು ಯಾರೂ ಸಾಯದೇ ಇದ್ದದ್ದಕ್ಕೆ ಕಾರಣ, ಅನೇಕ ಕಡೆ ಹಳಬರು ಆಟಕ್ಕೆ ತಿಳಿಯದಂತೆ ಮೇಜಿನ ಕೆಳಗೆ ಫೋನು ಹಿಡಿದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದದ್ದು. ಉಳಿದ ಕಡೆ ಅದೃಷ್ಟ.

ಮರುದಿನ ಗುಹೆಯಲ್ಲಿ ಉಗ್ರಸಿಂಹ ಖಡ್ಗವನ್ನು ನೆಲಕ್ಕೂರಿ ನಿಂತು ಸಾರಿದಳು: "ಲೈನ್‌ಮನ್‌ನನ್ನು ಹೆಸರು ಹಿಡಿದು ಕೇಳದ ಮಾಂತ್ರಿಕನಿಗೆ ನಾನು ಅಡ್ಡ ನಿಲ್ಲುವುದಿಲ್ಲ. ಒಬ್ಬನೇ ಸಾಯ್ಲಿ." ಖಡ್ಗಧಾರಿಗಳಲ್ಲಿ ಇದು ಬೇಗ ಹಬ್ಬಿತು, ಕತ್ತಿ ಹಿಡಿದವರಿಗೆ ನಿಯಮವೊಂದು ಸಿಕ್ಕರೆ ಅದನ್ನು ಮೆರೆಸುವ ಹುಮ್ಮಸ್ಸು ಹೆಚ್ಚು. ಮೂರು ತಿಂಗಳಲ್ಲಿ ರಾಜ್ಯದ ಯಾವ ಗುಹೆಯಲ್ಲೂ ಕೇಳದೆ ಸಿಡಿಲು ಹೊರಡದಂತಾಯಿತು. ಎಲ್ಲರೂ ಸೋಲತೊಡಗಿದರು. ಅಂಕಪಟ್ಟಿ ನೆಲ ಕಚ್ಚಿತು. ಕೊನೆಗೆ ಆಟವನ್ನೇ ತಿದ್ದಬೇಕಾಯಿತು: ದೀಪ ನುಂಗಿದ ರಾಕ್ಷಸ ಇನ್ನು ಮೇಲೆ ಯಾರ ಮೇಲೂ ಬೀಳುವುದಿಲ್ಲ, ಉತ್ತರ ಬರುವ ತನಕ ಸುಮ್ಮನೆ ಕೂರುತ್ತಾನೆ.

ರಾಕ್ಷಸ ಕೂತ ಮೇಲೆ ಉಳಿದವರು ನಿಂತು ಮಾಡುವುದೇನು? ಖಡ್ಗಧಾರಿಗಳು ಕೂತರು, ಮಾಂತ್ರಿಕರು ಕೂತರು. ಆರು ವರ್ಷದ ಸಂಶೋಧನೆಯ ಫಲವಾಗಿ ಗುಹೆ ಈಗ ಯಾವ ಉಪಕೇಂದ್ರಕ್ಕೂ ಕಡಿಮೆಯಿಲ್ಲದಷ್ಟು ಬೇಸರದ ಜಾಗವಾಗಿತ್ತು. ತೂಕಡಿಕೆಯ ಪ್ರಮಾಣ ಹಳೆಯ ಅಂಕಿಗೆ ವಾಪಸು ಬಂತು. ಕಂಬದ ಮೇಲಿನ ಅವಘಡಗಳ ಸಾಲಿನಲ್ಲಿ ಮಾತ್ರ, ಇಲಾಖೆ ಹುಟ್ಟಿದಂದಿನಿಂದ ಮೊದಲ ಬಾರಿಗೆ, ಸೊನ್ನೆ ಬಂದಿತ್ತು. ಇದನ್ನು ಗೆಲುವೆಂದು ವರದಿ ಮಾಡುವುದೋ ಸೋಲೆಂದು ವರದಿ ಮಾಡುವುದೋ ತಿಳಿಯದೆ ಡಾ. ಯಶೋಮತಿ ಒಂದು ಮಧ್ಯಾಹ್ನ ಮತ್ತೆ ಓಬಳೇಶಪ್ಪನವರ ಉಪಕೇಂದ್ರಕ್ಕೆ ಬಂದರು. ಅವರ ವರ್ಗಾವಣೆಯ ಕಡತ ಇನ್ನೂ ಪರಿಶೀಲನೆಯಲ್ಲೇ ಇತ್ತು, ಆದ್ದರಿಂದ ಅವರೂ ಅಲ್ಲೇ ಇದ್ದರು.

"ಆಟಾನ ಚುರುಕು ಮಾಡೋದು ಹೇಗೆ ಅಂತ ನೀವೇ ಹೇಳಿ," ಎಂದು ಆಕೆ ತಾವೂ ಒಂದು ಕಿರೀಟ ತೊಟ್ಟು ಪಕ್ಕದಲ್ಲಿ ಕೂತರು.

ಗುಹೆಯಲ್ಲಿ ಕೆಂಪುಗಣ್ಣಿನವನು ಮಂಡಿ ತಬ್ಬಿಕೊಂಡು ಕೂತಿದ್ದ. ಅವನ ಆಚೆ ಚಿತ್ಕಲಾ ಮೀಸೆ ನೀವುತ್ತ, ಪೇಟೆಯಲ್ಲಿ ಮೀನು ಸಿಕ್ಕದ ವಿಷಯ ಹೇಳುತ್ತಿದ್ದಳು. ರುದ್ರಮುನಿ ಎಲ್ಲೋ ಕಂಬದ ಮೇಲಿದ್ದ. ಹೊತ್ತು ಹೋಯಿತು. ಓಬಳೇಶಪ್ಪ ಕಿರೀಟವನ್ನು ಹಣೆಗೆ ಸರಿಸಿ ತಿರುಗಿ ನೋಡಿದರೆ ಡಾ. ಯಶೋಮತಿಯವರ ತಲೆ ಎದೆಗೆ ಜಾರಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಆರು ವರ್ಷದಿಂದ ಎಚ್ಚರದ ಬಗ್ಗೆ ಯೋಚಿಸಿದ ಮುಖ ಅದು. ಓಬಳೇಶಪ್ಪ ಎದ್ದು ಹೋಗಿ ಫ್ಯಾನಿನ ಮುಖವನ್ನು ಆಕೆಯ ಕಡೆ ತಿರುಗಿಸಿ, ಆಕೆಯ ಕಿರೀಟವನ್ನು ಮೆಲ್ಲಗೆ ಬಿಚ್ಚಿಟ್ಟರು. ತಮ್ಮ ಕಿರೀಟ ಇಳಿಸಿಕೊಂಡು ಗುಹೆಯಲ್ಲಿ ಚಿತ್ಕಲಾಗೆ ಬಾಯಿ ಮುಚ್ಚುವಂತೆ ಸನ್ನೆ ಮಾಡಿದರು.

ಫೋನು ನಡುಗಿತು. "ಹೇಳು ರುದ್ರಮುನಿ," ಎಂದರು ಓಬಳೇಶಪ್ಪ, ಪಿಸುದನಿಯಲ್ಲಿ.

"ಅಣ್ಣ, ಕೇಳುಸ್ತೈತಾ? ಯಾಕೆ ಪಿಸಪಿಸ ಅಂತೀಯ?"

"ಇಲ್ಲೊಬ್ರು ಮಲಗವ್ರೆ ಕಣೋ."

"ಡ್ಯೂಟೀಲಾ?"

"ಹೂಂ. ಎಬ್ಬಿಸ್ಬೇಡ. ನೀನು ಪೂರಾ ಇಳಿದ್ಯಾ, ಅದನ್ನ ಹೇಳು."