ತನ್ನ ಮದುವೆಗೆ ತಾನೇ ಅಡ್ಡಿ

ಟಣ್.

ನಡುರಾತ್ರಿ, ಹೊಸ್ತಿಲ ಮುಂದೆ ಹಾಸಿದ ಫರ್ಸಿಕಲ್ಲಿನ ಮೇಲೆ ಯಾರೋ ಮೆಲ್ಲಗೆ ಬಡಿದರು. ಕಲ್ಲು ಗಟ್ಟಿಯೋ, ಒಳಗೆ ಬಿರುಕಿದೆಯೋ ಎಂದು ಶಹಾಬಾದಿನ ಗಣಿಯವರು ಹೀಗೇ ಬಡಿದು ಕೇಳುತ್ತಾರೆ.

ಸುಶ್ಮಿತಾಳಿಗೆ ಎಚ್ಚರವಿತ್ತು. ಗಣಿ ಕಾರ್ಮಿಕರ ಸಂಘಕ್ಕಾಗಿ ಜೊತೆಯಾಗಿ ತಿರುಗುತ್ತಿದ್ದ ದಿನಗಳಲ್ಲಿ ಅವಳನ್ನು ಹೀಗೆ ಕರೆಯುತ್ತಿದ್ದವನು ಒಬ್ಬನೇ, ಸುರೇಶಕುಮಾರ. ಅವನು ಸಂಘ ಬಿಟ್ಟು ಅದೇ ಗಣಿ ಮಾಲಕನ ಕೈಕೆಳಗೆ ಸುಪರ್‌ವೈಜರ್ ಆಗಿದ್ದ. ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು.

ಇಂದು ಬೆಳಿಗ್ಗೆ ಚರ್ಚಿನಲ್ಲಿ ಮಾತ್ರ ಅವನ ಮಾತು ಎತ್ತಿದ್ದಳು, ಎಲ್ಲರೂ ಕೇಳುವಂತೆ. ಇಬ್ಬರ ತಾಯಂದಿರೂ ಸೇರಿ, ಅವಳನ್ನು ಕೇಳದೆ, ಮದುವೆಯ ಪ್ರಕಟಣೆಗೆ ಪಾಸ್ಟರ್ ಅಯ್ಯನವರಿಗೆ ಹೆಸರು ಕೊಟ್ಟುಬಿಟ್ಟಿದ್ದರು. ಮೂರು ಭಾನುವಾರ ಸಭೆಯ ಮುಂದೆ ಓದಿಸಿದರೆ ಹುಡುಗಿ ಬಾಯಿ ಮುಚ್ಚಿಕೊಂಡು ಒಪ್ಪುತ್ತಾಳೆಂದು ಅವರ ಎಣಿಕೆ. “ಸುರೇಶಕುಮಾರನಿಗೂ ಸುಶ್ಮಿತಾಳಿಗೂ ಮದುವೆ ಗೊತ್ತಾಗಿದೆ. ಅಡ್ಡಿಯಿದ್ದವರು ಹೇಳಬೇಕು.” ಅಯ್ಯನವರು ಓದಿ ಮುಗಿಸುವ ಮೊದಲೇ ಅವಳು ಎದ್ದು ನಿಂತಿದ್ದಳು.

“ನಂದೇ ಅಡ್ಡಿ ಅದರಿ ಅಯ್ಯನವರ. ಗಣಿ ಕೂಲಿ ಹಾಜಿಮಲಂಗ್ ಧೂಳು ಕುಡದು ಕೆಮ್ಮಿ ಕೆಮ್ಮಿ ಸಾಯೂದನ್ನ ನಿಂತು ನೋಡಿದವನ ಕೈ ನಾ ಹಿಡಿಯಂಗಿಲ್ಲ.”

ಹಿಂದಿನ ಸಾಲಿನಲ್ಲಿದ್ದ ಮಾಲಕನ ಗುಮಾಸ್ತ ಕೂಡ ಕತ್ತು ಚಾಚಿ ಕೇಳಿಸಿಕೊಂಡಿದ್ದ.

ಈಗ ಅವಳು ಬಾಗಿಲನ್ನು ಒಂದು ಗೇಣು ತೆರೆದಳು.

“ಏನ್ರಿ ಸುಪರ್‌ವೈಜರ್ ಸಾಹೇಬ್ರ? ಮುಂಜಾನಿ ಮರ್ಯಾದಿ ಸಾಕಾಗಲಿಲ್ಲೇನು?”

“ಸಾಲಲಿಲ್ಲ. ಇನ್ನೊಂದೀಟು ಬೈಸ್ಕೋಬೇಕಂತ ಬಂದೆ.”

“ಅವ್ವ ಎದ್ದಾಳು. ಹೋಗ್ರಿ.”

“ಹೋಗತೀನಿ. ನಾಳೆ ಕಲಬುರಗಿ ಕೋರ್ಟಿಗೆ. ಹಸೀನಾಬೇಗಂ ಕಡಿಂದ ಸಾಕ್ಷಿ ಹೇಳಾಕ.”

ಸುಶ್ಮಿತಾ ಬಾಗಿಲ ಚಿಲಕ ಹಿಡಿದುಕೊಂಡಳು. ಹಾಜಿಮಲಂಗ್ ನಮ್ಮಲ್ಲಿ ದುಡಿದೇ ಇಲ್ಲ ಎಂದು ಪರಿಹಾರದ ಕೇಸಿನಲ್ಲಿ ಮಾಲಕ ವರ್ಷಗಟ್ಟಲೆ ವಾದಿಸುತ್ತಿದ್ದ. ದುಡಿದದ್ದನ್ನು ಕಣ್ಣಾರೆ ಕಂಡೆ ಎನ್ನಲು ಯಾರೂ ಮುಂದೆ ಬಂದಿರಲಿಲ್ಲ. ಸತ್ತವನ ಹೆಂಡತಿ ಹಸೀನಾಬೇಗಂ ಕೋರ್ಟಿನ ಪ್ರತಿ ವಾಯಿದೆಗೂ ಹೋಗಿ ಬರಿಗೈಯಲ್ಲಿ ಮರಳುತ್ತಿದ್ದಳು.

“ಇಷ್ಟ ದಿನ ಎಲ್ಲಿ ಸತ್ತಿದ್ದಿ?”

“ಅಂಜಿಕಿ,” ಎಂದ ಅವನು, ತಲೆ ತಗ್ಗಿಸದೆ. “ಮುಂಜಾನಿ ನೀ ಎದ್ದು ನಿಂತಿ. ಆಮ್ಯಾಲ ನನಗ ಕುಂದ್ರಾಕ ಆಗಲಿಲ್ಲ. ಸೀದಾ ವಕೀಲ ಜಗದೇವಪ್ಪನವರ ಮನಿಗೆ ಹೋದೆ.”

ಬೀದಿದೀಪದ ಬೆಳಕಿನಲ್ಲಿ ಅವನ ರೆಪ್ಪೆಗಳ ಮೇಲೆ ಬಿಳಿ ಧೂಳು ಕಾಣುತ್ತಿತ್ತು. ಒರೆಸಲು ಅವಳ ಕೈ ತಾನಾಗಿ ಎದ್ದಿತು. ನಡುದಾರಿಯಲ್ಲೇ ಅದನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ನೋಡಿದನೋ ಇಲ್ಲವೋ.

“ಮಾಲಕನ ವಕೀಲ ನನ್ನ ಬಗ್ಗೆ ಕೇಳ್ತಾನ,” ಎಂದಳು. “ಸಂಘದಾಕಿ ಸಲುವಾಗಿ ಸುಳ್ಳಸಾಕ್ಷಿ ಹೇಳಾಕತ್ತಾನ ಅಂತಾನ.”

“ಅಂದ್ರ ಖರೇ ಹೇಳತೀನಿ. ನನಗ ಆಕಿ ಜೀವ. ಆಕಿ ನನ್ನ ಮಾರಿ ನೋಡಂಗಿಲ್ಲ, ಇಡೀ ಸಭಾನೇ ಸಾಕ್ಷಿ ಅದ ಅಂತ.” ಅವನು ಸಣ್ಣಗೆ ನಕ್ಕ. “ಖರೇ ಹೌದಲ್ಲ? ದೇವರ ಹೆಸರಲೇ ಪ್ರಮಾಣ ಮಾಡಿ ಹೇಳಬೇಕು ಸುಶ್ಮಿ.”

ನನಗೂ ನೀನೇ ಎನ್ನುವ ಮಾತನ್ನು ಅವಳು ತಡೆದುಕೊಂಡಳು. ಅದನ್ನು ಆಡಿದರೆ ನಾಳೆ ಅವನ ಪ್ರಮಾಣ ಸುಳ್ಳಾಗುತ್ತದೆ. ಹಸೀನಾಬೇಗಂ ಮತ್ತೆ ಬರಿಗೈ.

“ಖರೇನ,” ಎಂದಳು, ನೆಲ ನೋಡುತ್ತ. “ನಿನ್ನ ಮಾರಿ ನೋಡಂಗಿಲ್ಲ. ಹೋಗು.”

ಅವನ ನಗು ಆರಿತು. “ತೀರ್ಪು ಬಂದ ಮ್ಯಾಲ ಅಯ್ಯನವರಿಗೆ ಮತ್ತ ಹೆಸರು ಕೊಡತೀನಿ. ಆಗೂ ಎದ್ದು ನಿಂತ್ರ ನಿಲ್ಲು.”

ಹೆಜ್ಜೆಯ ಸದ್ದು ಸ್ಟೇಷನ್ ರಸ್ತೆಯ ಕಡೆ ಕರಗಿತು. ಅವಳು ಹೊಸ್ತಿಲಲ್ಲಿ ಕುಳಿತು, ಅವನು ನಿಂತಿದ್ದ ಫರ್ಸಿಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದಳು. ಟಣ್. ಎಲ್ಲೂ ಬಿರುಕಿರಲಿಲ್ಲ.

ಒಳಗಿಂದ ಅವ್ವ ಕೂಗಿದಳು: “ಯಾರ್ ಬಂದಿದ್ರು?”

ಸುಶ್ಮಿತಾ ಚಿಲಕ ಹಾಕಿದಳು. ಅವ್ವನಿಗೆ ಹೇಳುವುದಿಲ್ಲ, ಅಯ್ಯನವರಿಗೂ ಇಲ್ಲ; ಅವನ ರೆಪ್ಪೆಯತ್ತ ಕೈ ಎಲ್ಲಿಯವರೆಗೆ ಎದ್ದಿತ್ತೆಂಬುದನ್ನು ತೀರ್ಪು ಬರುವ ತನಕ ಅವನಿಗೂ ಹೇಳುವುದಿಲ್ಲ.