ಕೈಗೆಟುಕದ ಸಾಲು

ನೆಬ್ರಾಸ್ಕಾದ ಹಾರ್ಲೋ ಊರಿನ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ, ಜನವರಿಯ ಆ ಸೋಮವಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕು. ಮರದಂಗಡಿಯಲ್ಲಿ ಅಂದು ಇತ್ಯರ್ಥವಾಗಬೇಕಿದ್ದ ಪ್ರಶ್ನೆ ಅಂಥದ್ದು: ಥರ್ಮಾಕೋಲಿನ ಹಲಗೆಯೊಂದನ್ನು ಉದ್ದಕ್ಕೆ ಸೀಳಬೇಕೇ, ಅಡ್ಡಕ್ಕೆ ಕತ್ತರಿಸಬೇಕೇ?

"ಅಡ್ಡಕ್ಕೆ," ಎಂದಳು ಆರ್ಲಿಸ್.

"ನಡು ಬಗ್ಗುತ್ತೆ ಮೇಡಂ. ಉದ್ದಕ್ಕೆ ಸೀಳಿದ್ರೆ ನೆಟ್ಟಗೆ ನಿಲ್ಲುತ್ತೆ," ಎಂದ ಅಂಗಡಿಯ ವರ್ಲಿನ್.

"ನನ್ನ ಕಾರಿನೊಳಗೆ ಹೋಗಬೇಡ್ವಾ?"

ವರ್ಲಿನ್ ಕಿಟಕಿಯಾಚೆ ನೋಡಿದ. "ಓ, ಅದು ಕಾರಾ?"

ಆರ್ಲಿಸ್‌ಗೆ ಸಿಟ್ಟು ಬರಬೇಕಿತ್ತು. ಬದಲಿಗೆ ತುಟಿಯಂಚು ಅಲುಗಿತು. ನಗುವುದು ಹೇಗೆಂದು ತುಟಿಗೆ ಇನ್ನೂ ನೆನಪಿದೆಯಲ್ಲ… ಎಂದು ಅವಳಿಗೇ ಆಶ್ಚರ್ಯವಾಯಿತು.

"ಏನು ಮಾಡ್ತೀರಿ ಇದರಲ್ಲಿ?"

"ಗೋಡೆ. ಎತ್ಕೊಂಡು ಹೋಗೋ ಗೋಡೆ. ಅಮ್ಮನಿಗೆ ಕೌದಿಯ ಬಟ್ಟೆಚೌಕಗಳನ್ನ ಜೋಡಿಸಿ ನೋಡೋಕೆ. ಅವಳಿರೋ ಶುಶ್ರೂಷಾಲಯದಲ್ಲಿ ಒಂದು ಮೊಳೆ ಹೊಡೆಯೋ ಹಾಗಿಲ್ಲ. ಅವಳು ಅಲ್ಲಿಂದ ವಾಪಸ್ ಬರೋ ಹಾಗೂ ಇಲ್ಲವಂತೆ."

ವರ್ಲಿನ್ ಮೂಲೆ ಮುರಿದಿದ್ದ ಅಗ್ಗದ ಹಲಗೆಯೊಂದನ್ನು ಆರಿಸಿ, ಅಡ್ಡಕ್ಕೆ ಕತ್ತರಿಸಿದ.

ಗೋಡೆ ತಯಾರಾದದ್ದು ಹೀಗೆ. ಎರಡು ತುಂಡುಗಳನ್ನು ಹಿಂಬದಿಯಲ್ಲಿ ಅಗಲ ಟೇಪು ಹಚ್ಚಿ ಜೋಡಿಸಿದರು, ಪುಸ್ತಕದಂತೆ ಮಡಚಬಹುದಿತ್ತು. ಮುಂಬದಿಗೆ ಹಳೆಯ ಫ್ಲಾನೆಲ್ ಹೊದಿಕೆಯೊಂದನ್ನು ಬಿಗಿದರು. ಅದರ ಜುಂಗಿಗೆ ಹತ್ತಿಬಟ್ಟೆಯ ಚೌಕ ತಾನಾಗಿ ಅಂಟಿಕೊಳ್ಳುತ್ತದೆ, ಗುಂಡುಸೂಜಿ ಬೇಕಿಲ್ಲ. ಕಿತ್ತು ಬೇರೆಡೆ ಇಡಬಹುದು. ಒಮ್ಮೆ ಹೊಲಿದರೆ ಮುಗಿಯಿತು. ಕೌದಿ ಮಾಡುವವರು ಮನಸ್ಸು ಬದಲಿಸುವುದೆಲ್ಲ ಅದಕ್ಕೆ ಮುಂಚೆ, ಈ ಗೋಡೆಯ ಮೇಲೆ. ನಡು ಬಗ್ಗದಂತೆ ವರ್ಲಿನ್ ಹಿಂದೆ ಎರಡು ಮರದ ಪಟ್ಟಿ ಕಟ್ಟಿಕೊಟ್ಟ. ಬಿಚ್ಚಿ ನಿಲ್ಲಿಸಿದರೆ ಅದು ಅವನಿಗಿಂತಲೂ ಎತ್ತರ.

ತಾಯಿ ಲವೋನಳಿಗೆ ಲಕ್ವ ಹೊಡೆದಿತ್ತು. ನಾಲಿಗೆಗೆ ಮಾತ್ರ ಹೊಡೆದಿರಲಿಲ್ಲ. ಗೋಡೆ ಹೊತ್ತು ತನ್ನ ಕೋಣೆಗೆ ಬಂದ ನೀಳಕಾಯದ ವರ್ಲಿನ್‌ನನ್ನು ಕಂಡು ಕೇಳಿದಳು:

"ಯಾರೇ ಇವನು, ಜಿರಾಫೆ?"

"ಗೋಡೆ ಕಟ್ಟಿದವರಮ್ಮ."

"ಆಗಾಗ ಬಂದು ಬಿಗಿ ಮಾಡ್ಲಿ. ವಾಲ್ತಾ ಇದೆ."

ಆರ್ಲಿಸ್ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಸಂಜೆಗಷ್ಟೇ ಬರುತ್ತಿದ್ದಳು. ಅಂಥ ಒಂದು ಸಂಜೆ, ಅಮ್ಮ ಹೇಳಿದಂತೆ ಅವಳೇ ಹಚ್ಚಿಟ್ಟಿದ್ದ ಕಂದು ಚೌಕಗಳೆಲ್ಲ ಕೆಳಗಿಳಿದಿದ್ದವು. ನೀಲಿಗಳು ತುತ್ತತುದಿಯ ಸಾಲಿಗೇರಿದ್ದವು.

"ಅಮ್ಮ… ಇದನ್ನ ಯಾರು ಮಾಡಿದ್ದು?"

"ನಾನೇ ಕಣೇ. ಇನ್ಯಾರು, ಸತ್ತ ನಿಮ್ಮಪ್ಪನಾ?"

"ಎದ್ದು ನಿಂತಿದ್ದೆಯಾ?"

"ಮತ್ತೆ, ಹಾರಿದೆನಾ?"

ಆಮೇಲೆ ಸಂಜೆ ಸಂಜೆಗೂ ಗೋಡೆ ಬದಲಾಗುತ್ತಿತ್ತು. ಆರ್ಲಿಸ್ ಅದನ್ನು ಜ್ವರದ ಅಂಕಿಯಂತೆ ಓದತೊಡಗಿದಳು. ಅಮ್ಮ ಹುಷಾರಾಗುತ್ತಿದ್ದಾಳೆ… ಮನೆಗೆ ಬರುತ್ತಾಳೆ! ಪಾದ್ರಿಗೆ ಹೇಳಿದಳು, ಚರ್ಚಿನ ಹೆಂಗಸರಿಗೆ ಹೇಳಿದಳು. ರಾತ್ರಿಯೂಟದ ಹೊತ್ತಿಗೆ ವರ್ಲಿನ್‌ಗೆ ಫೋನ್ ಮಾಡಿ ನಗುನಗುತ್ತ ಹೇಳುತ್ತಿದ್ದಳು. ಕೊನೆಗೆ, ಗಾಲಿಕುರ್ಚಿ ಏರುವಂತೆ ಮನೆ ಬಾಗಿಲಿಗೊಂದು ಇಳಿಜಾರು ಕಟ್ಟಿಕೊಡಿ ಎಂದೂ ಕೇಳಿದಳು.

ವರ್ಲಿನ್ ಮೆಟ್ಟಿಲ ಅಳತೆ ತೆಗೆದ. ಟೇಪನ್ನು ಸುತ್ತಿ ಜೇಬಿಗಿಡಲು ಅವನಿಗೆ ವಿಪರೀತ ಹೊತ್ತು ಹಿಡಿಯಿತು.

"ಮಾರ್ಚ್‌ಗೆ ನೋಡೋಣ. ನೆಲದ ಹಿಮ ಕರಗ್ಲಿ," ಎಂದ.

ಇವನಿಗೆ ನಮ್ಮ ಮನೆ ಸಹವಾಸ ಸಾಕಾಗಿದೆಯೇನೋ… ಎಂದುಕೊಂಡು ಆರ್ಲಿಸ್ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು.

ಫೆಬ್ರವರಿಯಲ್ಲಿ ಹಿಮಗಾಳಿಗೆ ಶಾಲೆ ಮಧ್ಯಾಹ್ನವೇ ಮುಚ್ಚಿತು. ಆರ್ಲಿಸ್ ನೇರ ಶುಶ್ರೂಷಾಲಯಕ್ಕೆ ಹೋದಳು. ಕಾರಿಡಾರಿನಲ್ಲೇ ಅಮ್ಮನ ದನಿ ಕೇಳುತ್ತಿತ್ತು.

"ಎಡಕ್ಕೆ ಕಣೋ ಕತ್ತೆ. ನಿನ್ನ ಎಡ ಅಲ್ಲ, ಕೌದಿಯ ಎಡ."

ವರ್ಲಿನ್ ಸ್ಟೂಲಿನ ಮೇಲೆ ನಿಂತಿದ್ದ. ಕೈಯಲ್ಲೊಂದು ನೀಲಿ ಚೌಕ. ಲವೋನ್ ಹಾಸಿಗೆಗೆ ಅಂಟಿಕೊಂಡಿದ್ದಳು. ಹೊದಿಕೆಯ ಮೇಲೆ ಎಡಗೈಯ ಒಂದು ಬೆರಳು ಮಾತ್ರ ಅಲುಗುತ್ತಿತ್ತು.

ಚಮಚ ಎತ್ತಲಾಗದವಳು ಆ ಎತ್ತರದ ಸಾಲನ್ನು ಹೇಗೆ ಮುಟ್ಟಿಯಾಳು? ಆರ್ಲಿಸ್ ದಿನವೂ ಆ ಸಾಲನ್ನು ನೋಡಿದ್ದಳು. ನೋಡಿಯೂ ಕೇಳಿಕೊಂಡಿರಲಿಲ್ಲ.

"ಇಳೀರಿ ಕೆಳಗೆ."

"ಆರ್ಲಿಸ್…"

"ಮೆಟ್ಟಿಲಿನ ಅಳತೆ ತಗೊಂಡ್ರಲ್ಲ, ಆಗಲಾದ್ರೂ ಬಾಯಿ ಬಿಡಬಹುದಿತ್ತು."

"ಅವನನ್ನ ಬಿಡೇ," ಎಂದಳು ಲವೋನ್. "ನಾನೇ ಹೇಳಬೇಡ ಅಂದಿದ್ದು. ಗೋಡೆ ಬದಲಾದ ದಿನ ನೀನು ನಗ್ತಿದ್ದೆ. ಸಾಯೋಳಿಗೆ ನೋಡೋಕೆ ಇನ್ನೇನಿದೆ ಇಲ್ಲಿ?"

ವರ್ಲಿನ್ ಚೌಕವನ್ನು ಮಂಚದ ಮೇಲಿಟ್ಟು ಹೊರಟುಹೋದ. ಮರುವಾರ ಲವೋನ್ ತೀರಿಕೊಂಡಳು.

ಮಣ್ಣಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಹಂಚುತ್ತ ಹೆಂಗಸರು ಕೌದಿಯನ್ನು ಕೇಳಿದರು. ಸತ್ತವಳು ಬಿಟ್ಟುಹೋದ ಕೌದಿಯನ್ನು ಹೊಲಿದು ಮುಗಿಸುವುದು ಅವರ ಪದ್ಧತಿ. ಆರ್ಲಿಸ್ ಕೊಡಲಿಲ್ಲ. ಮೇಲಿನ ಸಾಲು ಅರ್ಧಕ್ಕೇ ನಿಂತಿತ್ತು. ಅಮ್ಮನ ಮನಸ್ಸಿನಲ್ಲಿ ಉಳಿದರ್ಧ ಹೇಗಿತ್ತೆಂದು ಗೊತ್ತಿರಬಹುದಾದವನು ಒಬ್ಬನೇ. ಮಾರ್ಚ್ ಕೊನೆಗೆ ಅವಳೇ ಮರದಂಗಡಿಗೆ ಹೋದಳು.

"ಮೇಲಿನ ಸಾಲು… ಅಮ್ಮ ಹೇಗೆ ಬೇಕು ಅಂದಿದ್ಲು?"

ವರ್ಲಿನ್ ಕೈಗವಸು ಕಳಚಿದ. "ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ. ಮೂರು ಥರ ಇಡಿಸಿ ನೋಡಿದ್ರು, ಯಾವುದೂ ಹಿಡಿಸಲಿಲ್ಲ. ಅಷ್ಟರಲ್ಲಿ ನೀವು ಬಂದ್ರಿ."

ಆರ್ಲಿಸ್ ಮರದ ಅಟ್ಟಿಗೆ ಒರಗಿದಳು.

"ಏನೋ ಒಂದು ಹೇಳಿದ್ರೆ ನಂಬ್ತಿದ್ದೆ."

"ಗೊತ್ತು. ಅದಕ್ಕೇ ಹೇಳಲಿಲ್ಲ." ಅವನು ಕೈಗವಸುಗಳನ್ನು ಹಲಗೆಯೊಂದರ ಮೇಲಿಟ್ಟ. "ಅವರು ಬೇಡ ಅಂದ್ರು ಅಂತ ಮಾತ್ರ ನಾನು ಸುಮ್ಮನಿದ್ದಿದ್ದಲ್ಲ ಆರ್ಲಿಸ್. ನೀವು ನಗ್ತಾ ಫೋನ್ ಮಾಡ್ತಿದ್ರಲ್ಲ… ಅದು ನಿಂತುಹೋಗುತ್ತೆ ಅಂತ ಭಯ. ಸ್ವಾರ್ಥ ನಂದು."

"ಅಂದ್ರೆ?"

"ಅಂದ್ರೆ, ನಿಮ್ಮ ಮೇಲೆ ಪ್ರೀತಿ."

"ಇದು ನಿಜಾನಾ?"

"ಇದು ನಿಜ."

ಅವಳು ಅವನ ಒರಟು ಅಂಗೈಯನ್ನು ಹಿಡಿದು, ಬಿಡಲಿಲ್ಲ.

"ಹಾಗಾದ್ರೆ ಮನೆಗೆ ಬನ್ನಿ. ಆ ಸಾಲು ನನಗೂ ಎಟುಕಲ್ಲ."

"ತಪ್ಪು ಜೋಡಿಸಿದ್ರೆ?"

"ಬೈಯೋಕೆ ಈಗ ನಾನೊಬ್ಳೇ ಇರೋದು. ಬನ್ನಿ."

ಕೌದಿ ಏಪ್ರಿಲಿನಲ್ಲಿ ಮುಗಿಯಿತು. ಮೇಲಿನ ಸಾಲು ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಮದುವೆ ಜೂನ್‌ನಲ್ಲಿ ಆಯಿತು.