ಬಣ್ಣ ಕೇಳುವ ಪುಟ

“ಕೊನೇ ಮಡಿಕೆ ಮಾತ್ರ ಕತ್ತರಿಸ್ಬೇಡಿ ಡಾಕ್ಟ್ರೇ,” ಎಂದಳು ಬುಕ್ ಬೈಂಡರನ ವಿಧವೆ. “ಈ ಪುಸ್ತಕಕ್ಕೆ ಮಾಟ ಮಾಡಿದಾರೆ. ಚಿತ್ರಕ್ಕೆ ಬಣ್ಣ ತುಂಬೋಳಿಗೆ ಪ್ರಕಾಶಕ ಮೋಸ ಮಾಡಿದ್ನಂತೆ. ಅವಳು ಸಾಯೋ ಮುಂಚೆ ಮಾಡಿದ ಕೆಲಸ.”

ಹಲ್ಲಿನ ಡಾಕ್ಟರು ನಕ್ಕರು. ಹಳೆಯ ಫ್ರೆಂಚ್ ಚಿತ್ರಪುಸ್ತಕಗಳ ಹುಚ್ಚು ಹತ್ತಿ ಅವರಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಭಾಷೆಯ ಗಂಧಗಾಳಿ ಇಲ್ಲದಿದ್ದರೂ, ಕೈಯಿಂದ ಬಣ್ಣ ತುಂಬಿದ ಚಿತ್ರ ಕಂಡರೆ ಊಟ ಬಿಟ್ಟು ಕೂರುವ ಆಸಾಮಿ. ಆ ಕಾಲದಲ್ಲಿ ಹಾಳೆಗಳನ್ನು ಮಡಿಚಿ, ಹೊಲಿದು, ಹಾಗೆಯೇ ಮಾರುತ್ತಿದ್ದರು. ಓದುವವನೇ ಚಾಕು ಹಿಡಿದು ಅಂಚು ಬಿಡಿಸಿಕೊಳ್ಳಬೇಕು. ಈ ಪುಸ್ತಕದಲ್ಲಿ ಬಿಡಿಸದ ಮಡಿಕೆ ಒಂದೇ ಉಳಿದಿತ್ತು.

ಅದರ ಹಿಂದಿನ ಚಿತ್ರದಲ್ಲಿ ಅಂಟು ಮೆತ್ತಿದ ಏಪ್ರನ್ ತೊಟ್ಟ ಮುದುಕನೊಬ್ಬ ಕುಳಿತಿದ್ದ. ಆಕೆ ಅತ್ತ ನೋಡಲಿಲ್ಲ.

“ಅವ್ರೇ ನಮ್ಮೆಜಮಾನ್ರು. ಆ ಚಿತ್ರ ಇರೋ ಮಡಿಕೆ ಬಿಡಿಸಿದಾಗ ಪುಟ ನನ್ನ ಬಣ್ಣ ಎಳ್ಕೊಳ್ಳೋಕೆ ಶುರು ಮಾಡ್ತು. ತಕ್ಷಣ ತಮ್ಮ ಅಂಗೈ ಅದರ ಮೇಲಿಟ್ರು. ಅವ್ರು ಹೋದ್ರು, ನಾನು ಉಳಿದೆ.”

“ಸುಟ್ಟುಬಿಡಬೇಕಿತ್ತಮ್ಮ.”

“ಅವ್ರು ಒಳಗಿದಾರಲ್ಲ. ದಿನಾ ನೋಡೋಕಾಗಲ್ಲ, ಅದಕ್ಕೇ ಕೊಡ್ತಿದೀನಿ.”

ಪಾಪ, ಗಂಡ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡು ಡಾಕ್ಟರು ಪುಸ್ತಕವನ್ನು ಕಂಕುಳಿಗೆ ಸೇರಿಸಿದರು.

ಬಿಸಿಲಿಗೆ ಬಣ್ಣ ಮಾಸುತ್ತದೆಂದು ಅವರ ಪುಸ್ತಕದ ಕೋಣೆಯ ಕಿಟಕಿಗಳನ್ನು ಹಗಲಲ್ಲೂ ತೆರೆಯುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಮೇಜಿನ ದೀಪ ಹಚ್ಚಿ ಕುಳಿತರು. ಮಗಳು ನೆಲದ ಮೇಲೆ ಕಿತ್ತಳೆ ಸುಲಿಯುತ್ತಿದ್ದಳು. ಒಂದು ಚಿತ್ರ ಕಡಿಮೆಯಿದ್ದರೂ ಪುಸ್ತಕಕ್ಕೆ ಬೆಲೆಯಿಲ್ಲ. ಕೊನೆಯ ಚಿತ್ರ ಮಡಿಕೆಯೊಳಗಿದೆಯೋ ಇಲ್ಲವೋ ನೋಡದೆ ಅವರ ಜೀವ ತಡೆಯಲಿಲ್ಲ.

ಚಾಕು ಹರಿಯಿತು. ಯಾರೋ ಉಸಿರೆಳೆದುಕೊಂಡಂತೆ ಸದ್ದಾಯಿತು. ಒಳಗೆ ಬರೀ ಕಪ್ಪು ಗೆರೆಗಳು. ನೆಲದ ಮೇಲೆ ಕುಳಿತ ಒಂದು ಮಗು.

ಕಿತ್ತಳೆಯ ವಾಸನೆ ಅಡಗಿತು. ಹಸಿ ಅಂಟಿನ ನಾತ ಮೂಗಿಗೆ ಬಡಿಯಿತು. ಚಿತ್ರದ ಫ್ರಾಕಿನಲ್ಲಿ ಕೆಂಪು ಮೂಡಿತು.

“ಅಪ್ಪಾ, ಚಳಿ ಆಗ್ತಿದೆ.”

ತಿರುಗಿದರು. ಮಗಳ ಕೆಂಪು ಫ್ರಾಕು ಬೂದಿ ಬಣ್ಣಕ್ಕೆ ತಿರುಗಿತ್ತು. ಕೈಯಲ್ಲಿದ್ದ ಹಣ್ಣೂ ಬೂದಿ. ಬೆರಳುಗಳೂ ಬೂದಿ. ಪುಟದಲ್ಲಿ ಬೆರಳುಗಳಿಗೆ ನಸುಗೆಂಪು ಬಂತು. ಕೆನ್ನೆಗೆ ಬಂತು. ತುಟಿಗೆ ಬಂತು. ತುಟಿಗಳ ನಡುವೆ, ಮೊನ್ನೆ ತಾವೇ ಕಿತ್ತಿದ್ದ ಹಾಲುಹಲ್ಲಿನ ಸಂದಿ.

ಅಂಗೈ ಎತ್ತಿದರು. ಪುಟದ ಮೇಲಕ್ಕೆ ತಂದರು. ಇಟ್ಟರೆ ಸಾಕು, ಮಗಳು ಉಳಿಯುತ್ತಾಳೆ. ಅವಳಿಗಾಗಿ ಸಾಯಲು ಅವರಿಗೆ ಭಯವಿರಲಿಲ್ಲ. ನಿಜವಾಗಿಯೂ ಇರಲಿಲ್ಲ.

ಆದರೆ ಆ ಬಣ್ಣ. ಅಂಥ ಕೆಂಪನ್ನು ಅವರು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಕಣ್ಣುಗಳಷ್ಟೇ ಬಾಕಿ. ಎಂಥ ಕಂದು ಬರಬಹುದು? ನೋಡಿಬಿಡೋಣ. ಒಂದು ಗಳಿಗೆ. ಒಂದೇ ಗಳಿಗೆ.

“ಅಪ್ಪಾ, ನೀನು ಕಾಣ್ತಿಲ್ಲ.”

ಕಂದು ತುಂಬಿತು.

ಅಂಗೈ ಅಪ್ಪಳಿಸಿದರು. ಒತ್ತಿದರು. ಉಜ್ಜಿದರು. ಹಣೆಯಿಟ್ಟು ಅತ್ತರು. ಪುಟ ಒಣಗಿತ್ತು, ಅದಕ್ಕೆ ಇನ್ನೇನೂ ಬೇಕಿರಲಿಲ್ಲ. ಹಿಂದೆ ನೆಲದ ಮೇಲೆ ಸಿಪ್ಪೆಗಳಷ್ಟೇ ಬಿದ್ದಿದ್ದವು.

ಹೆಂಡತಿ ಬಾಗಿಲು ತೆರೆದಳು. “ಪುಟ್ಟಿ ಎಲ್ರೀ? ಇಲ್ಲೇ ಇದ್ಲಲ್ಲ.” ಗಂಡನ ಮುಖ ನೋಡಿ ಅವಳ ದನಿ ಸಣ್ಣಗಾಯಿತು. “ನೀವೇನ್ ಮಾಡ್ತಿದ್ರಿ?”

ಸುಳ್ಳು ಹೇಳಲು ಅವರಲ್ಲಿ ಶಕ್ತಿ ಉಳಿದಿರಲಿಲ್ಲ.

“ನೋಡ್ತಿದ್ದೆ ಕಣೇ,” ಎಂದರು.